ಕಟ್ಟಡದ ಮೊದಲ ಹತ್ತು ಅಡಿ

ರಾಜಾಜಿನಗರದ ನಿವೃತ್ತ ಇಂಜಿನಿಯರ್ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಮಾತುಗಳು ಇವು:

"ಬೆಂಗಳೂರಿನ ಹಳೇ ಬಂಗಲೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಹನ್ನೆರಡು ಪುಟ ಬರೆದಿದ್ದೀರಿ. ಆ ಬಂಗಲೆಗಳಲ್ಲಿ ನಮ್ಮಂಥವರು ಯಾರೂ ಇರಲಿಲ್ಲ. ಕೋಟಿ ಜನ ದಾಟಿದ ಊರಿಗೆ ಎತ್ತರದ ಕಟ್ಟಡ ಬೇಕು, ಅಗಲ ರಸ್ತೆ ಬೇಕು, ಫ್ಲೈಓವರ್ ಬೇಕು. ಸ್ಟೀಲ್ ಫ್ಲೈಓವರ್ ಯೋಜನೆ ನಿಂತುಹೋಗಿದ್ದನ್ನು ಹೊಗಳುತ್ತೀರಿ. ರಸ್ತೆ ಕಿರಿದು ಮಾಡಿ ಫುಟ್‌ಪಾತ್ ಅಗಲ ಮಾಡಿದ್ದನ್ನೂ ಹೊಗಳುತ್ತೀರಿ. ನನ್ನ ಮಗ ಸಿಂಗಾಪುರದಲ್ಲಿದ್ದಾನೆ. ಮೂರು ಸಲ ಹೋಗಿ ಬಂದೆ. ಊರು ಅಂದರೆ ಹಾಗಿರಬೇಕು. ಕೊನೆಯದಾಗಿ, ನೀವು ಇರುವ ಮನೆ ಹೇಗಿದೆ ಅದನ್ನೂ ಬರೆಯಿರಿ."

ಸಾರ್, ನಮಸ್ಕಾರ.

ಬಂಗಲೆಗಳ ವಿಷಯದಲ್ಲಿ ನಿಮ್ಮ ಮಾತು ಸರಿ. ಮೇಲೆ ಚೂಪಾದ ಮರದ ಸೂರಿರುವ ಮಂಕಿ ಟಾಪ್ ಕಿಟಕಿ, ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ, ಎಲ್ಲವೂ ಚಂದ. ಆದರೆ ಹನ್ನೆರಡು ಪುಟದಲ್ಲಿ ಒಂದು ಪುಟವಾದರೂ ವಠಾರದ ಮನೆಗಳಿಗೆ ಕೊಡಬೇಕಿತ್ತು. ಕೊಡಲಿಲ್ಲ, ಅದು ನಮ್ಮ ತಪ್ಪು. ಇನ್ನೊಂದು ಮಾತನ್ನೂ ಸೇರಿಸುತ್ತೇನೆ. 1898ರ ಪ್ಲೇಗಿನ ಹೊತ್ತಿಗೆ ಬೆಳೆದ ಮಲ್ಲೇಶ್ವರ, ಬಸವನಗುಡಿಯನ್ನು ನಾವೆಲ್ಲ ಮಾದರಿ ಬಡಾವಣೆ ಅಂತ ಹೊಗಳುತ್ತೇವೆ. ಅಲ್ಲಿ ಮನೆಗಳ ಹಿಂದೆ ಸಣ್ಣ ಗಲ್ಲಿಗಳಿವೆಯಲ್ಲ, ಕನ್ಸರ್ವೆನ್ಸಿ ಲೇನು, ಅವನ್ನು ಬಿಟ್ಟಿದ್ದು ಮಲ ಹೊರುವವರು ಹಿಂಬದಿಯಿಂದ ಬಂದು ಹೋಗಲಿ ಅಂತ. ಮುಂದಿನ ಜಗಲಿಯ ಮೇಲೂ ಎಲ್ಲ ಜಾತಿಯವರನ್ನು ಕೂರಿಸುತ್ತಿರಲಿಲ್ಲ. ಹಳೇ ಊರಿನ ಬಗ್ಗೆ ಬರೆಯುವಾಗ ಇದನ್ನು ಬಿಡಬಾರದು.

ಎತ್ತರದ ಕಟ್ಟಡದ ಬಗ್ಗೆ ನನ್ನ ತಕರಾರು ಇಲ್ಲ. ಇಷ್ಟು ಜನಕ್ಕೆ ಮನೆ ಬೇಕು ಅಂದರೆ ಮೇಲಕ್ಕೆ ಹೋಗಲೇಬೇಕು.

ಈಗ ಸಿಂಗಾಪುರಕ್ಕೆ ಬರೋಣ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ. ಸಂಜೆ ಹೊತ್ತು ಮಗನ ಫ್ಲ್ಯಾಟಿನ ಕೆಳಗೆ ಕಲ್ಲಿನ ಮೇಜಿನ ಹತ್ತಿರ ಕೂರುತ್ತಿದ್ದಿರಂತೆ. ಭಾಷೆ ಬಾರದಿದ್ದರೂ ಚೀನೀ ಮುದುಕರೊಬ್ಬರು ನಿಮಗೆ ದಿನಾ ಜಾಗ ಬಿಟ್ಟುಕೊಡುತ್ತಿದ್ದರಂತೆ. ಮೊಮ್ಮಗ ಅಲ್ಲೇ ಸೈಕಲ್ ಕಲಿತನಂತೆ. ಇದನ್ನು ಓದಿದ ಮೇಲೆಯೇ ಉದ್ದಕ್ಕೆ ಉತ್ತರ ಬರೆಯಬೇಕು ಅನ್ನಿಸಿತು. ನೀವು ಕೂತಿದ್ದ ಆ ಜಾಗಕ್ಕೆ ಅಲ್ಲಿ ವಾಯ್ಡ್ ಡೆಕ್ ಅನ್ನುತ್ತಾರೆ. ಸರ್ಕಾರದ ವಸತಿ ಮಂಡಳಿ ಶುರುವಾಗಿದ್ದು 1960ರಲ್ಲಿ. ಎಪ್ಪತ್ತರ ದಶಕದಿಂದ ಅವರು ಕಟ್ಟಿದ ಬ್ಲಾಕುಗಳಲ್ಲಿ ನೆಲಮಹಡಿಯಲ್ಲಿ ಮನೆ ಮಾಡದೆ ಬರೀ ಕಂಬ ನಿಲ್ಲಿಸಿ ಖಾಲಿ ಬಿಟ್ಟರು. ಮಲಯ ಜನರ ಮದುವೆ ಅಲ್ಲೇ ನಡೆಯುತ್ತದೆ. ಚೀನೀಯರ ಮನೆಯಲ್ಲಿ ಸಾವಾದರೆ ಶವ ಇಟ್ಟು ದುಃಖಕ್ಕೆ ಕೂರುವುದೂ ಅಲ್ಲೇ. ಮಳೆ ಬಂದರೆ ದಾರಿಹೋಕರು ನಿಲ್ಲುವುದೂ ಅಲ್ಲೇ.

ನಮ್ಮಲ್ಲೂ ಕಂಬದ ಮೇಲೆ ಮನೆ ಕಟ್ಟುತ್ತೇವೆ. ಸ್ಟಿಲ್ಟ್ ಅನ್ನುತ್ತೇವೆ. ಅದೇ ಕಾಂಕ್ರೀಟು, ಅದೇ ಕಂಬ, ಹೆಚ್ಚುಕಮ್ಮಿ ಅದೇ ಎತ್ತರ. ಆದರೆ ಅಲ್ಲಿ ನಿಂತಿರುವುದು ಕಾರು. ಮುಂದೆ ಕಬ್ಬಿಣದ ಗೇಟು. ಬೀದಿಯಲ್ಲಿ ನಡೆಯುವವನಿಗೆ ಸಾಲಾಗಿ ಗೇಟು, ಗೋಡೆ, ಬಂಪರು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ಜಗಲಿ ಇಲ್ಲ, ಕಿಟಕಿ ಇಲ್ಲ, "ಊಟ ಆಯ್ತಾ" ಅನ್ನುವವರಿಲ್ಲ. ಇದರಲ್ಲಿ ಮನೆ ಕಟ್ಟಿಸಿದವರ ತಪ್ಪು ಕಮ್ಮಿ. ಕಾರಿಗೆ ಜಾಗ ತೋರಿಸಬೇಕು ಅನ್ನುವುದು ನಿಯಮ. ಸ್ಟಿಲ್ಟ್‌ನಲ್ಲಿ ತೋರಿಸಿದರೆ ಆ ಜಾಗ ಎಫ್‌ಎಆರ್ ಲೆಕ್ಕಕ್ಕೆ, ಅಂದರೆ ಸೈಟಿನ ಮೇಲೆ ಒಟ್ಟು ಎಷ್ಟು ಕಟ್ಟಬಹುದು ಅನ್ನುವ ಲೆಕ್ಕಕ್ಕೆ, ಬರುವುದಿಲ್ಲ. 30-40 ಸೈಟಿನವನು ಇನ್ನೇನು ಮಾಡಿಯಾನು? ನಿಯಮವೇ ಅವನನ್ನು ಆ ಕಡೆಗೆ ತಳ್ಳುತ್ತದೆ.

ನಾವು ವಾಸ್ತುಶಿಲ್ಪ ಅಂದ ಕೂಡಲೇ ಕಟ್ಟಡದ ತುದಿ ನೋಡುತ್ತೇವೆ. ಗೋಪುರವೋ ಗಾಜೋ, ಹಳೆಯದೋ ಹೊಸದೋ ಅಂತ ಜಗಳ ಆಡುತ್ತೇವೆ. ಊರು ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಕಟ್ಟಡದ ಮೊದಲ ಹತ್ತು ಅಡಿಯಲ್ಲಿ ತೀರ್ಮಾನವಾಗುತ್ತದೆ ಅನ್ನುವುದು ನನ್ನ ನಂಬಿಕೆ. ನಡೆಯುವವನ ಕಣ್ಣಿಗೆ, ಕೈಗೆ, ಕಾಲಿಗೆ ಸಿಗುವುದು ಅಷ್ಟೇ.

ಸಿಂಗಾಪುರದವರಿಗೆ ಈ ಮಾತು ಹೊಸದಲ್ಲ. ಅಲ್ಲಿನ ಹಳೇ ಅಂಗಡಿ ಬೀದಿಗಳಲ್ಲಿ ಮಹಡಿಯ ಕೆಳಗೆ ನೆರಳಿನಲ್ಲೇ ನಡೆದುಕೊಂಡು ಹೋಗಬಹುದು, ನೀವೂ ನಡೆದಿರುತ್ತೀರಿ. ಐದಡಿ ದಾರಿ ಅಂತ ಅದರ ಹೆಸರು. ಪ್ರತಿ ಅಂಗಡಿಯೂ ಮುಂದುಗಡೆ ಸೂರಿರುವ ಓಡಾಟದ ಜಾಗ ಬಿಡಬೇಕು ಎಂಬ ನಿಯಮವನ್ನು ಆ ಊರಿಗೆ ಬುನಾದಿ ಹಾಕಿದ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಮಾಡಿದ್ದು 1822ರಲ್ಲಿ. ಜಾಗ ಅಂಗಡಿಯವನದು, ದಾರಿ ಎಲ್ಲರದು. ಮುಂದೆ ಆ ಬೀದಿಗಳನ್ನೂ ಕೆಡವಲು ಹೊರಟಿದ್ದರು. ಸಾಕಷ್ಟನ್ನು ಕೆಡವಿಯೂ ಇದ್ದರು. 1989ರಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ, ಕಂಪಾಂಗ್ ಗ್ಲಾಮ್‌ಗಳನ್ನು ಉಳಿಸಬೇಕಾದ ಪ್ರದೇಶ ಎಂದು ಘೋಷಿಸಿದರು. ಇವತ್ತು ಅಲ್ಲಿ ಹಾಗೆ ಕಾಪಾಡಿದ ಕಟ್ಟಡಗಳು 7000ಕ್ಕೂ ಜಾಸ್ತಿ. ನೀವು ಮೆಚ್ಚಿದ ಗಗನಚುಂಬಿಗಳ ಊರು ಇದೇ.

ಕಾರಿನ ವಿಷಯ ಹೇಳದಿದ್ದರೆ ಅರ್ಧ ಸತ್ಯ ಆಗುತ್ತದೆ. 1975ರಲ್ಲೇ ಅಲ್ಲಿ ಊರಿನ ನಡುಭಾಗಕ್ಕೆ ಕಾರು ತಂದರೆ ದುಡ್ಡು ಕಟ್ಟಬೇಕು ಎಂದಾಯಿತು. 1990ರಿಂದ ಕಾರು ಕೊಳ್ಳಬೇಕಾದರೆ ಮೊದಲು ಹರಾಜಿನಲ್ಲಿ ಪರವಾನಗಿ ಪಡೆಯಬೇಕು. 2018ರಲ್ಲಿ ಕಾರಿನ ಸಂಖ್ಯೆ ಇನ್ನು ಬೆಳೆಯುವುದೇ ಬೇಡ ಎಂದು ಬೆಳವಣಿಗೆಯ ದರವನ್ನು ಸೊನ್ನೆಗೆ ಇಳಿಸಿದರು. ನಿಮ್ಮ ಮಗ ಮೆಟ್ರೊದಲ್ಲಿ ಓಡಾಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಅಲ್ಲಿನ ರಸ್ತೆ ಖಾಲಿಯಾಗಿ ಕಾಣಲು ಫ್ಲೈಓವರ್‌ಗಿಂತ ಇವೆಲ್ಲ ದೊಡ್ಡ ಕಾರಣ.

ಇನ್ನು ನಮ್ಮ ಬೀದಿ. ನಿಮ್ಮ ಪತ್ರ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಹೊರಟೆ. ನಮ್ಮ ಗೇಟಿನಿಂದ ಹಾಲಿನ ಬೂತಿನವರೆಗೆ. ನಮ್ಮ ತಾಯಿಗೆ ಎಪ್ಪತ್ತೆಂಟು. ದಿನಾ ಅದೇ ದಾರಿಯಲ್ಲಿ ಹೋಗುತ್ತಾರೆ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕ ನಿಮಗೆ ನಾನು ಹೇಳಬೇಕಿಲ್ಲ. ಮನೆಗಳ ಬೀದಿಯಲ್ಲೂ ಫುಟ್‌ಪಾತಿಗೆ ಅಡ್ಡಿ ಇಲ್ಲದ 1.8 ಮೀಟರ್ ಅಗಲ ಇರಬೇಕು, ರಸ್ತೆಯಿಂದ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಆರಡಿ ಅಗಲ, ಆರಿಂಚು ಎತ್ತರ. ನಮ್ಮ ಬೀದಿಯಲ್ಲಿ ಆ ಉದ್ದಕ್ಕೆ ಹದಿನಾಲ್ಕು ಗೇಟು. ಅದರಲ್ಲಿ ಹನ್ನೊಂದರ ಮುಂದೆ ಕಾರಿನ ರ‍್ಯಾಂಪು ಫುಟ್‌ಪಾತನ್ನು ಪೂರ್ತಿ ನುಂಗಿದೆ. ಒಂದು ಕಡೆ ಹೆಜ್ಜೆಯ ಎತ್ತರ ಹದಿನಾಲ್ಕು ಇಂಚು. ಇನ್ನೊಂದು ಕಡೆ ಚರಂಡಿಯ ಚಪ್ಪಡಿ ಮುರಿದು ಒಳಗೆ ಬಿದ್ದಿದೆ. ತಾಯಿ ಫುಟ್‌ಪಾತ್ ಮೇಲೆ ಹತ್ತಿದ್ದನ್ನು ನಾನು ನೋಡೇ ಇಲ್ಲ. ರಸ್ತೆ ಬದಿಯಲ್ಲೇ ಹೋಗುತ್ತಾರೆ, ಬೈಕಿನ ಹಾರ್ನಿಗೆ ಪಕ್ಕಕ್ಕೆ ಸರಿಯುತ್ತಾರೆ, ಮತ್ತೆ ನಡೆಯುತ್ತಾರೆ.

ಆ ರ‍್ಯಾಂಪುಗಳು ಅಷ್ಟು ಎತ್ತರ ಯಾಕಾದವು? ಇದು ನಿಮ್ಮ ಕಸುಬಿನ ವಿಷಯ, ತಪ್ಪಿದ್ದರೆ ತಿದ್ದಿ. ಡಾಂಬರು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯುವುದಿಲ್ಲ. ಅದರ ಮೇಲೇ ಹೊಸದು ಬೀಳುತ್ತದೆ. ಪ್ರತಿ ಸಲ ಒಂದೆರಡು ಇಂಚು. ಇಪ್ಪತ್ತು ವರ್ಷದಲ್ಲಿ ರಸ್ತೆ ಮನೆಯ ಹೊಸಿಲಿನ ಮಟ್ಟಕ್ಕೆ ಬರುತ್ತದೆ. ಮಳೆ ಬಂದರೆ ನೀರು ಒಳಗೆ. ಹಳೇ ಮನೆಯವರು ಬಾಗಿಲಿಗೆ ಅಡ್ಡ ಇಟ್ಟಿಗೆ ಕಟ್ಟುತ್ತಾರೆ. ಕೆಲವರು ಜಾಕ್ ಹಾಕಿಸಿ ಇಡೀ ಮನೆಯನ್ನೇ ಮೇಲೆತ್ತಿಸುತ್ತಾರೆ. ಹೊಸದಾಗಿ ಕಟ್ಟುವವರು ಮುಂದಿನ ಇಪ್ಪತ್ತು ವರ್ಷವನ್ನೂ ಲೆಕ್ಕ ಹಾಕಿ ಪಾಯವನ್ನು ಇನ್ನೂ ಎರಡಡಿ ಏರಿಸುತ್ತಾರೆ. ಅಷ್ಟು ಎತ್ತರಕ್ಕೆ ಕಾರು ಹತ್ತಬೇಕಲ್ಲ, ರ‍್ಯಾಂಪು ಹೊರಗೆ ಬರುತ್ತದೆ. ಡಾಂಬರಿನವರು ಒಬ್ಬರು, ಚರಂಡಿಯವರು ಇನ್ನೊಬ್ಬರು, ಪ್ಲಾನ್ ಪಾಸು ಮಾಡುವವರು ಮತ್ತೊಬ್ಬರು. ಎಲ್ಲರ ಕೆಲಸವೂ ಮುಗಿದ ಮೇಲೆ ಉಳಿಯುವುದು ನಮ್ಮ ತಾಯಿ ಹತ್ತಲಾರದ ಹದಿನಾಲ್ಕು ಇಂಚು.

ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳನ್ನು ನಾವು ಹೊಗಳಿದ್ದು ಇದಕ್ಕೇ. ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ. ನೀರು, ಒಳಚರಂಡಿ, ಕೇಬಲ್ಲು ಎಲ್ಲಕ್ಕೂ ನೆಲದಡಿ ಮೊದಲೇ ಜಾಗ ಮಾಡಿಟ್ಟರು. ಆಮೇಲೆ ಅಗೆಯುವ ಅವಸರ ಬೀಳಬಾರದು ಅನ್ನುವುದು ಲೆಕ್ಕ. ರಸ್ತೆ ಕಿರಿದಾಯಿತು ಎಂದು ನೀವು ಬರೆದಿದ್ದೀರಿ. ಮೊದಲು ಆ ರಸ್ತೆಗಳು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದವು. ಅಗಲ ಇದ್ದ ಕಡೆ ಐದು ಸಾಲು ವಾಹನ ಬಂದು ಮುಂದೆ ಮೂರು ಸಾಲಿನಲ್ಲಿ ತುರುಕಿಕೊಳ್ಳಬೇಕಿತ್ತು. ಸೋರೆಬುರುಡೆಯಲ್ಲಿ ನೀರು ಬರುವುದು ಕತ್ತಿನ ಅಗಲಕ್ಕೆ ತಕ್ಕಷ್ಟೇ ಅಲ್ವಾ? ಉದ್ದಕ್ಕೂ ಒಂದೇ ಅಗಲ ಮಾಡಿ, ಮಿಕ್ಕಿದ್ದನ್ನು ನಡೆಯುವವರಿಗೆ ಕೊಟ್ಟರು. 2018ರಲ್ಲಿ ಕಲ್ಲು ಹಾಸಿದ ಚರ್ಚ್ ಸ್ಟ್ರೀಟೂ ಹಾಗೇ. ನನ್ನ ಬೇಸರ ಬೇರೆ. ಈ ದುಡ್ಡು, ಈ ಶ್ರದ್ಧೆ ಊರಿನ ನಡುವಿನ ಕೆಲವೇ ಬೀದಿಗಳಿಗೆ ಸಿಕ್ಕಿತು. ರಾಜಾಜಿನಗರದ ಅಡ್ಡರಸ್ತೆಗೆ ಸಿಗಲಿಲ್ಲ. ಕಾಮಾಕ್ಷಿಪಾಳ್ಯಕ್ಕೆ ಸಿಗಲಿಲ್ಲ. ಅಲ್ಲಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಕತ್ತಲಲ್ಲಿ ಮನೆಗೆ ನಡೆಯುವ ಹೆಣ್ಣುಮಕ್ಕಳಿಗೆ ಒಳ್ಳೆಯ ಫುಟ್‌ಪಾತ್ ಎಲ್ಲರಿಗಿಂತ ಮೊದಲು ಬೇಕು.

ಸ್ಟೀಲ್ ಫ್ಲೈಓವರ್ ವಿಷಯ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಕಡಿಯಬೇಕಿದ್ದದ್ದು 800ಕ್ಕೂ ಹೆಚ್ಚು ಮರ. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. ನಾನೂ ನಿಂತಿದ್ದೆ. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆವತ್ತು ನಾವು ಹಾಗೆ ನಿಂತಿದ್ದು ಸರಿ ಅಂತಲೇ ಇವತ್ತಿಗೂ ನನಗೆ ಅನ್ನಿಸುತ್ತದೆ. ಆದರೆ ನಿಮ್ಮ ಒಂದು ಮಾತು ಚುಚ್ಚಿತು: "ಬೇಡ ಅನ್ನಲು ಬಂದವರು ಬೇಕು ಅನ್ನಲು ಬರಲಿಲ್ಲ." ನಿಜ. ಉಪನಗರ ರೈಲು ಕೊಡಿ, ಬಸ್ಸು ಜಾಸ್ತಿ ಮಾಡಿ ಅಂತ ಆವತ್ತೇ ಫಲಕ ಹಿಡಿದಿದ್ದೆವು. 148 ಕಿಲೋಮೀಟರಿನ ಉಪನಗರ ರೈಲಿಗೆ ಶಂಕುಸ್ಥಾಪನೆಯಾಗಿದ್ದು 2022ರಲ್ಲಿ. ಆ ಐದಾರು ವರ್ಷ ನಾವು ಅಷ್ಟೇ ಜೋರಾಗಿ ಬೀದಿಯಲ್ಲಿ ನಿಂತು ಕೇಳಲಿಲ್ಲ. ಈಗ ಸುರಂಗ ರಸ್ತೆಯ ಮಾತು ನಡೆಯುತ್ತಿದೆ. ಅದರ ಬಗ್ಗೆ ಬರೆಯುವಾಗ ಬೇಡ ಅನ್ನುವುದರ ಜೊತೆಗೆ ಏನು ಬೇಕು ಅನ್ನುವುದನ್ನೂ ಬರೆಯುತ್ತೇವೆ. ಫ್ಲೈಓವರಾಗಲಿ ಸುರಂಗವಾಗಲಿ ಎಲ್ಲೋ ಒಂದು ಕಡೆ ನೆಲ ಮುಟ್ಟಲೇಬೇಕು. ಅಲ್ಲಿ ರಸ್ತೆ ದಾಟುವವರ ಗತಿ ಏನು ಅನ್ನುವುದನ್ನು ನಕ್ಷೆಯಲ್ಲಿ ನಾನು ಮೊದಲು ಹುಡುಕುತ್ತೇನೆ.

ಗಾಜಿನ ಕಟ್ಟಡದ ಬಗ್ಗೆ ಎರಡೇ ಮಾತು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರು ನಮ್ಮದು. ವರ್ಷದ ಬಹುಪಾಲು ಕಿಟಕಿ ತೆರೆದರೆ ಸಾಕು. ಗಾಜು ಮುಚ್ಚಿ ಬಿಸಿಲು ಒಳಗೆ ಬಿಟ್ಟು, ಆಮೇಲೆ ಎಸಿ ಹಾಕುವುದು ಕರೆಂಟಿಗೂ ನಷ್ಟ, ಬೀದಿಗೂ ನಷ್ಟ. ಹೊಸ ಕಾಲದ ಕಟ್ಟಡ ಬೇರೆ ಥರ ಇರಬಹುದು ಅನ್ನುವುದಕ್ಕೆ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಕಟ್ಟಿದ್ದು. ಒರಟು ಬೂದು ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಮೇಲೆ ತೆರೆದ ಕಾಂಕ್ರೀಟ್ ತೊಲೆ, ತೊಲೆಯ ಮೇಲೆ ಬಳ್ಳಿ. ನೆರಳು ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿರುತ್ತದೆ. ಓಡಾಡುವ ಜಾಗವೇ ಆ ಕಟ್ಟಡದ ಜೀವ.

ಕೊನೆಗೆ ನಮ್ಮ ಮನೆ. 30-40 ಸೈಟು, 2009ರಲ್ಲಿ ಕಟ್ಟಿದ್ದು. ಸ್ಟಿಲ್ಟ್ ಇದೆ. ಅಳತೆಗೆ ಸಿಕ್ಕ ಹನ್ನೊಂದು ರ‍್ಯಾಂಪುಗಳಲ್ಲಿ ಒಂದು ನಮ್ಮದೇ. ಅವತ್ತು ಮೇಸ್ತ್ರಿ ಹೇಳಿದರು, ನಾನು ಹೂಂ ಅಂದೆ. ಫುಟ್‌ಪಾತ್ ಯಾರದು ಅಂತ ಕೇಳಬೇಕು ಅನ್ನುವುದು ಆಗ ಹೊಳೆಯಲೇ ಇಲ್ಲ.

ಅದನ್ನು ಒಡೆಸಬೇಕು ಎಂದು ತೀರ್ಮಾನ ಮಾಡಿದ್ದೇನೆ. ಗೇಟನ್ನು ನಾಲ್ಕಡಿ ಒಳಗೆ ಸರಿಸಿದರೆ ಇಳಿಜಾರು ನಮ್ಮ ಜಾಗದೊಳಗೇ ಬರುತ್ತದೆ, ಹೊರಗೆ ಬಿಟ್ಟ ಜಾಗದ ಒಂದು ಪಕ್ಕದಲ್ಲಿ ಒಬ್ಬರು ಕೂರುವಷ್ಟು ಕಲ್ಲುಬೆಂಚು ಹಾಕಬಹುದು ಎಂದುಕೊಂಡಿದ್ದೇನೆ. ಆದರೆ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ, ಅಷ್ಟು ಉದ್ದ ಸಾಲದು ಅನ್ನುತ್ತಾರೆ ಮೇಸ್ತ್ರಿ. ಗೇಟಿನ ಹತ್ತಿರದ ಮಟ್ಟ ರಸ್ತೆಯಿಂದ ಹತ್ತೊಂಬತ್ತು ಇಂಚು ಮೇಲಿದೆ. ಒಳಗೆ ಕಂಬದವರೆಗೆ ಸಿಗುವ ಉದ್ದ ಹದಿಮೂರು ಅಡಿ. ಇಳಿಜಾರು ಎಷ್ಟು ಕೊಡಬೇಕು, ಮಳೆನೀರು ಯಾವ ಕಡೆ ತಿರುಗಿಸಬೇಕು ಎಂದು ಒಂದು ಸ್ಕೆಚ್ ಹಾಕಿ ಕಳಿಸಿ ಸಾರ್. ಮುಂದಿನ ಸಂಚಿಕೆಯಲ್ಲಿ ಅಳತೆಯ ಸಮೇತ ಅಚ್ಚು ಹಾಕುತ್ತೇವೆ. ನಮ್ಮ ಬೀದಿಯ ಇನ್ನು ಹತ್ತು ಮನೆಯವರಿಗೂ ಅದು ಬೇಕಾಗುತ್ತದೆ.

— ಸಂಪಾದಕ