ಓದುಗರ ಪ್ರಶ್ನೆ: ತೆರೆಯಲ್ಲಿ ಮಗುಚಿದ ಕಯಾಕ್

ಕಯಾಕ್ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಡುಗಡಲಿನ ಅಪಾಯದ ಕುರಿತಲ್ಲ, ದಡದಿಂದ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ, ಕಾಲು ನೆಲಕ್ಕೆ ತಾಗುವ ನೀರಿನಲ್ಲಿ ಆದ ಪೆಟ್ಟುಗಳ ಕುರಿತು. ಹಾಗಾಗಿ ಈ ಸಲದ ಉತ್ತರಗಳೆಲ್ಲ ಆ ಜಾಗಕ್ಕೇ ಮೀಸಲು.

ಸಸಿಹಿತ್ಲು ಬೀಚಿನಲ್ಲಿ ನಮ್ಮ ಸಿಟ್-ಆನ್-ಟಾಪ್ (ಮುಚ್ಚಿದ ಒಡಲಿನ ಮೇಲೆ ಕೂರುವ) ಕಯಾಕ್ ಸೊಂಟದ ಮಟ್ಟದ ನೀರಿನಲ್ಲಿ ಮಗುಚಿತು. ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಂದು ತೆರೆ ಬಂದು ಮತ್ತೆ ಮಗುಚಿ, ಅಂಚು ಮೊಣಕಾಲಿಗೆ ಬಡಿಯಿತು. ಹೊಳೆಯಲ್ಲಿ ಸಲೀಸಾಗಿ ಆಗುವ ಕೆಲಸ ಇಲ್ಲಿ ಯಾಕೆ ಆಗುವುದಿಲ್ಲ? (ಓದುಗರು, ಸುರತ್ಕಲ್)

ನೀವು ದಡದ ಕಡೆ ನಿಂತು ಎತ್ತಲು ಹೋಗಿದ್ದೀರಿ. ಮೊಣಕಾಲಿಗೆ ಪೆಟ್ಟು ಬಿದ್ದಿರುವುದೇ ಅದನ್ನು ಹೇಳುತ್ತದೆ. ತೆರೆಗಳಿರುವ ಕಡೆ ಮೊದಲ ನಿಯಮ ಒಂದೇ: ಕಯಾಕಿಗೂ ದಡಕ್ಕೂ ನಡುವೆ ಎಂದೂ ನಿಲ್ಲಬೇಡಿ. ಸದಾ ಕಡಲಿನ ಕಡೆ ಇರಿ. ಖಾಲಿ ಕಯಾಕ್ ಇಪ್ಪತ್ತೈದು ಕೆಜಿ ಆಸುಪಾಸು ಇದ್ದರೂ ನೊರೆತೆರೆ ಅದನ್ನು ಅಡ್ಡಲಾಗಿ ತಳ್ಳಿಕೊಂಡು ಬಂದಾಗ ಕೈಯಿಂದ ತಡೆದು ನಿಲ್ಲಿಸಲು ಯಾರಿಂದಲೂ ಆಗದು.

ಎರಡನೆಯದು ಜಾಗದ ಆಯ್ಕೆ. ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ತೆರೆ ಒಡೆಯುತ್ತದೆ. ಮುಕ್ಕಾಲು ಮೀಟರ್ ಎತ್ತರದ ತೆರೆ ಒಂದು ಮೀಟರ್ ಆಳದಲ್ಲಿ, ಅಂದರೆ ಸರಿಯಾಗಿ ನಿಮ್ಮ ಸೊಂಟದ ಮಟ್ಟದಲ್ಲಿ ಒಡೆಯಿತು ಎಂದಾಯಿತು. ಕಯಾಕನ್ನು ಅಲ್ಲೇ ನೆಟ್ಟಗೆ ಮಾಡಿ ಅಲ್ಲೇ ಹತ್ತುತ್ತೇನೆ ಎಂಬ ಹಟ ಬೇಡ. ಹೊಳೆಯಲ್ಲಿ ಅದು ಸರಿಯಾದ ಕ್ರಮ, ತೆರೆ ಒಡೆಯುವಲ್ಲಿ ಅಲ್ಲ. ಇಲ್ಲಿ ಮಗುಚಿದ ಕಯಾಕನ್ನು ಹಾಗೆಯೇ ಮೊಣಕಾಲುದ್ದ ನೀರಿಗೆ ತಂದು, ಅಲ್ಲಿ ತಿರುಗಿಸಬೇಕು.

ಬಿದ್ದ ತಕ್ಷಣ ಒಂದು ಕೈಯನ್ನು ಮುಖದ ಮುಂದೆ ಅಡ್ಡ ಹಿಡಿದು ಮೇಲೆ ಬನ್ನಿ, ದೋಣಿ ಎಲ್ಲಿದೆ ಎಂದು ನೋಡಿ. ಸುತ್ತಿಕೊಂಡು ಅದರ ಕಡಲಿನ ಕಡೆಯ ತುದಿಗೆ ಹೋಗಿ. ಅದು ಮೂತಿಯೋ ಹಿಂಬದಿಯೋ ಎಂಬುದು ಮುಖ್ಯವಲ್ಲ. ಆ ತುದಿಯ ಹಿಡಿಕೆಯನ್ನು ಮೇಲಿನಿಂದ ಅಂಗೈ ತುಂಬ ಹಿಡಿಯಿರಿ. ಹಗ್ಗದ ಕುಣಿಕೆ ಇದ್ದರೆ ಅದರೊಳಗೆ ಬೆರಳು ತೂರಿಸಲೇಬೇಡಿ. ತೆರೆ ಬಂದು ಕಯಾಕ್ ಉರುಳಿದರೆ ಕುಣಿಕೆ ತಿರುಚಿ ಬೆರಳನ್ನು ಮುರಿಯುತ್ತದೆ. ಇನ್ನೊಂದು ಕೈಯಲ್ಲಿ ಹುಟ್ಟು. ಹುಟ್ಟು ದೂರ ಹೋಗಿದ್ದರೆ ಹೋಗಲಿ, ನೊರೆಯೇ ಅದನ್ನು ದಡಕ್ಕೆ ಹಾಕುವುದು ಹೆಚ್ಚು. ಹುಟ್ಟಿಗೆ ಕಟ್ಟುವ ಹಗ್ಗ ನಿಂತ ನೀರಿನಲ್ಲಿ ಉಪಯೋಗಕ್ಕೆ ಬರುತ್ತದೆ, ತೆರೆಯಲ್ಲಿ ಅದು ಕಾಲಿಗೂ ಕುತ್ತಿಗೆಗೂ ಸುತ್ತಿಕೊಳ್ಳಬಹುದು. ಇಳಿಯುವ ಮೊದಲೇ ಬಿಚ್ಚಿಡಿ.

ಹೀಗೆ ಹಿಡಿದುಕೊಂಡರೆ ಕಯಾಕ್ ತಾನಾಗಿ ತೆರೆಗೆ ನೇರವಾಗಿ ನಿಲ್ಲುತ್ತದೆ, ಒಂದು ತುದಿ ಕಡಲಿಗೆ, ಇನ್ನೊಂದು ದಡಕ್ಕೆ. ಪ್ರತಿ ತೆರೆಯೂ ಅದನ್ನು ಒಂದಿಷ್ಟು ಮುಂದೆ ತಳ್ಳಲಿ, ನೀವು ಹಿಂದಿನಿಂದ ಹೆಜ್ಜೆ ಹಾಕಿ. ತೆರೆ ಬರುವಾಗ ಎಳೆದು ನಿಲ್ಲಿಸಲು ಹೋದರೆ ಭುಜಕ್ಕೆ ಪೆಟ್ಟು. ಮಗುಚಿದ ಸ್ಥಿತಿಯಲ್ಲೇ ಇರಲಿ ಎನ್ನುವುದಕ್ಕೂ ಕಾರಣವಿದೆ: ಆಸನದ ತಗ್ಗುಗಳು ನೀರಿನೊಳಗೆ ಇರುವುದರಿಂದ ದೋಣಿ ನಿಧಾನವಾಗಿ ಸಾಗುತ್ತದೆ, ನೆಟ್ಟಗಿದ್ದರೆ ನೊರೆಯ ಮೇಲೆ ಜಾರಿ ಕೈ ತಪ್ಪಿ ಓಡುತ್ತದೆ.

ಮೊಣಕಾಲುದ್ದ ನೀರಿಗೆ ಬಂದ ಮೇಲೆ ಕಡಲಿನತ್ತ ನೋಡುತ್ತಾ ಕಾಯಿರಿ. ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ, ಗುಂಪು ಮುಗಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಕಯಾಕಿನ ನಡುಭಾಗಕ್ಕೆ ಬಂದು, ಹತ್ತಿರದ ಅಂಚನ್ನು ಎರಡು ಕೈಯಲ್ಲಿ ಹಿಡಿದು, ಮೊಣಕಾಲು ಮಡಚಿ, ಎತ್ತಿ ನಿಮ್ಮಿಂದ ಆಚೆಗೆ ಹೊರಳಿಸಿ. ಆಚೆಯ ಅಂಚಿಗೆ ಕೈ ಚಾಚಿ ನಿಮ್ಮತ್ತ ಎಳೆಯುವುದು ಕಾಲು ನಿಲುಕದ ನೀರಿಗೆ ಸರಿ. ನಿಂತಲ್ಲಿ ಹಾಗೆ ಮಾಡಿದರೆ ದೋಣಿ ನಿಮ್ಮ ಮೇಲೆಯೇ ಉರುಳುತ್ತದೆ. ತಿರುಗಿದ ಕೂಡಲೇ ಮತ್ತೆ ಕಡಲಿನ ತುದಿಗೆ ಓಡಿ ಹಿಡಿಕೆ ಹಿಡಿಯಿರಿ. ಹೊರಳಿಸುವಾಗ ಅಷ್ಟಿಷ್ಟು ಓರೆಯಾದರೂ ನೀವು ಕಡಲಿನ ಕಡೆಯ ಮಗ್ಗುಲಲ್ಲೇ ಇರಬೇಕು.

ಕೋಡಿಬೆಂಗ್ರೆಯಲ್ಲಿ ಒಳಗೆ ಕಾಲು ಚಾಚಿ ಕೂರುವ ಹಳೆಯ ಕಯಾಕ್ ಮಗುಚಿ ನೀರು ತುಂಬಿತು. ಮೂವರು ಸೇರಿ ಎಳೆದರೂ ಮರಳಿಗೆ ಅಂಟಿದಂತೆ ಕೂತಿತ್ತು. ನೀರು ಹೊರಹಾಕುವುದು ಹೇಗೆ? (ಓದುಗರು, ಬ್ರಹ್ಮಾವರ)

ಮೂವರಲ್ಲ, ಆರು ಜನ ಸೇರಿದರೂ ಅದನ್ನು ಹಾಗೇ ಎತ್ತಬಾರದು. ಕೂರುವ ಗುಂಡಿಯಲ್ಲಿ 200 ಲೀಟರ್ ಕಡಲನೀರು ತುಂಬಿದ್ದರೆ ಅದರ ತೂಕವೇ ಸುಮಾರು 205 ಕೆಜಿ. ಎರಡು ತುದಿ ಹಿಡಿದು ಎತ್ತಿದರೆ ನಡುವೆ ಪ್ಲಾಸ್ಟಿಕ್ ಬಾಗುತ್ತದೆ, ಫೈಬರ್ ಆದರೆ ಬಿರಿಯುತ್ತದೆ, ಅದಕ್ಕೂ ಮೊದಲು ಎತ್ತಿದವರ ಸೊಂಟ ಹಿಡಿದುಕೊಳ್ಳುತ್ತದೆ.

ಮೊದಲು ಮಗ್ಗುಲಾಗಿಸಿ. ಅಂಚಿನ ಒಂದು ಬದಿ ಮೇಲೆದ್ದು ಒಳಗೆ ಗಾಳಿ ಹೋಗಬೇಕು. ಬೋರಲಾಗಿರುವ ದೋಣಿಯನ್ನು ನೇರವಾಗಿ ಮೇಲೆತ್ತಿದರೆ ಗಾಳಿಗೆ ದಾರಿ ಇಲ್ಲದೆ ಅದು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ನಿಮಗೆ ಅಂಟಿದಂತೆ ಅನಿಸಿದ್ದರಲ್ಲಿ ಇದರ ಪಾಲೂ ಇದೆ. ಗಾಳಿ ಸೇರಿದ ಮೇಲೆ ಪೂರ್ತಿ ಬೋರಲಾಗಿಸಿ, ಒಬ್ಬರು ಮೂತಿಯನ್ನು ನಿಧಾನವಾಗಿ ಸೊಂಟದ ಎತ್ತರಕ್ಕೆ ಎತ್ತಲಿ. ಆಸನದ ಹಿಂದೆ ಅಡ್ಡಗೋಡೆ ಇದ್ದರೆ ನೀರು ಅಲ್ಲೇ ತಡೆದು ಗುಂಡಿಯ ಬಾಯಿಂದ ಸುರಿದುಹೋಗುತ್ತದೆ. ಸುರಿಯುವುದು ನಿಂತ ಮೇಲೆ ಒಂದೇ ಸಲಕ್ಕೆ ಪಟ್ಟನೆ ಹೊರಳಿಸಿ. ನಿಧಾನ ಮಾಡಿದರೆ ಅಂಚು ಮತ್ತೆ ನೀರು ಮೊಗೆಯುತ್ತದೆ.

ಅಡ್ಡಗೋಡೆ ಇಲ್ಲದ ಹಳೆಯ ದೋಣಿಯಲ್ಲಿ ನೀರು ಹಿಂಬದಿಗೆ ಓಡಿ ಅಲ್ಲೇ ನಿಲ್ಲುತ್ತದೆ. ಎರಡು ತುದಿಯಲ್ಲಿ ಇಬ್ಬರು ನಿಂತು ಏತದಂತೆ ಒಮ್ಮೆ ಈ ತುದಿ, ಒಮ್ಮೆ ಆ ತುದಿ ಎತ್ತಬೇಕು. ನಾಲ್ಕೈದು ಸಲ ಮಾಡಿದರೆ ಬಹುಪಾಲು ಖಾಲಿಯಾಗುತ್ತದೆ, ಉಳಿದದ್ದಕ್ಕೆ ಸ್ಪಂಜು. ನಿಮ್ಮದು ಈ ಬಗೆಯದ್ದಾದರೆ ಮುಂದೆಯೂ ಹಿಂದೆಯೂ ಗಾಳಿಚೀಲ ತುರುಕಿ ಕಟ್ಟುವವರೆಗೆ ಕಡಲಿಗೆ ಇಳಿಸಬೇಡಿ. ಗಾಳಿಚೀಲ ಇರುವ ಜಾಗಕ್ಕೆ ನೀರು ಬರುವುದಿಲ್ಲ, ಉಪಾಯ ಅಷ್ಟು ಸರಳ.

ಮೊಣಕಾಲುದ್ದ ನೀರಿಗೂ ಹೆಲ್ಮೆಟ್ ಬೇಕೇ? ಲೈಫ್ ಜಾಕೆಟ್ ಇದ್ದರೆ ಸಾಲದೇ? (ಓದುಗರು, ಕುಂದಾಪುರ)

ಬೇಕು, ಕಡಿಮೆ ನೀರಿಗೇ ಬೇಕು. ಮುಳುಗುವ ಭಯ ಆಳದಲ್ಲಿ, ತಲೆ ನೆಲಕ್ಕೆ ಬಡಿಯುವ ಭಯ ಇಲ್ಲಿ. ಒದ್ದೆ ಮರಳಿನ ಮೇಲೆ ತಲೆಕೆಳಗಾಗಿ ಬಿದ್ದರೆ ಕುತ್ತಿಗೆಯ ಮೂಳೆಗೇ ಪೆಟ್ಟಾಗುತ್ತದೆ, ಅದನ್ನು ಹೆಲ್ಮೆಟ್ ಕೂಡ ತಡೆಯದು. ಹಾಗಾಗಿ ಬೀಳುವುದು ಖಚಿತವಾದಾಗ ತಲೆ ಮುಂದೆ ಮಾಡಿ ಹಾರಬೇಡಿ; ಮೈ ಚಪ್ಪಟೆ ಮಾಡಿ, ಕೈಗಳಿಂದ ತಲೆ ಮುಚ್ಚಿ, ಕಡಲಿನ ಕಡೆಗೆ ಬೀಳಿ. ಕಾಲು ಕಟ್ಟುವ ಪಟ್ಟಿ ಯಾವುದೂ ಇರಬಾರದು. ಲೈಫ್ ಜಾಕೆಟ್‌ನ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿಯವರೆಗೆ ಬಂದರೆ ಸಡಿಲ ಎಂದು ಅರ್ಥ.

ನಾವು ಸ್ಯಾನ್ ಡಿಯಾಗೊದಲ್ಲಿ ಇರುವವರು. ಲಾ ಹೋಯಾ ಶೋರ್ಸ್‌ನಲ್ಲಿ ಹೊರಗೆ ಹೋಗುವುದು ಸುಲಭ, ವಾಪಸು ಬರುವಾಗ ಪ್ರತಿ ಸಲವೂ ಅಡ್ಡಲಾಗಿ ತಿರುಗಿ ಮಗುಚುತ್ತೇವೆ. (ಓದುಗರು, ಕ್ಯಾಲಿಫೋರ್ನಿಯಾ)

ತೆರೆ ಹಿಂದಿನಿಂದ ಎತ್ತಿದಾಗ ಮೂತಿ ನೀರಿಗೆ ಹೂತು ಅಲ್ಲೇ ತಡೆಯುತ್ತದೆ, ಹಿಂಬದಿ ಮಾತ್ರ ಮುಂದೆ ಓಡುತ್ತದೆ. ಅದಕ್ಕೇ ದೋಣಿ ಅಡ್ಡ ತಿರುಗುವುದು. ಒಡೆಯುವ ಸಾಲಿನ ಹೊರಗೆ ನಿಂತು ಒಂದು ಗುಂಪು ತೆರೆ ಹೋಗಲಿ. ಕೊನೆಯ ತೆರೆ ನಿಮ್ಮ ಕೆಳಗೆ ದಾಟಿದ ತಕ್ಷಣ ಅದರ ಬೆನ್ನ ಹಿಂದೆ ಹುಟ್ಟು ಹಾಕಿ ಬನ್ನಿ, ಅದನ್ನು ದಾಟಬೇಡಿ. ಹಿಂದೆ ಮತ್ತೊಂದು ಎದ್ದರೆ ಹಿಂದಕ್ಕೆ ಒರಗಿ, ಹಿಮ್ಮುಖವಾಗಿ ಎರಡು ಮೂರು ಸಲ ಹುಟ್ಟು ಹಾಕಿ, ಅದು ಮುಂದೆ ಹೋಗಲಿ.

ಅಷ್ಟಾದರೂ ಅಡ್ಡವಾದಿರಿ ಎನ್ನಿ. ಆಗ ಎಲ್ಲರೂ ದಡದ ಕಡೆ ವಾಲುತ್ತಾರೆ, ದಡದ ಕಡೆಯ ಅಂಚು ನೀರಿಗೆ ಸಿಕ್ಕಿ ಮಗುಚುತ್ತದೆ. ತೆರೆಯ ಕಡೆಗೇ ವಾಲಿ, ಹುಟ್ಟಿನ ಅಲಗನ್ನು ನೊರೆಯ ಮೇಲೆ ಚಪ್ಪಟೆಯಾಗಿ ಒತ್ತಿ. ಮೊಣಕೈ ಪಕ್ಕೆಗೆ ಹತ್ತಿರವಿರಲಿ, ಕೈ ತಲೆಗಿಂತ ಮೇಲೆ ಹೋದರೆ ಭುಜದ ಕೀಲು ತಪ್ಪುತ್ತದೆ. ನೊರೆ ನಿಮ್ಮನ್ನು ಅಡ್ಡವಾಗಿಯೇ ದಡಕ್ಕೆ ತಳ್ಳಿಕೊಂಡು ಹೋಗುತ್ತದೆ. ನೀರು ಮೊಣಕಾಲುದ್ದ ಆದಾಗ ಕಡಲಿನ ಕಡೆಗೆ ಇಳಿಯಿರಿ. ಆ ಬೀಚಿನ ದಕ್ಷಿಣ ತುದಿಯಲ್ಲಿ ತೆರೆ ಸಾಮಾನ್ಯವಾಗಿ ಸಣ್ಣದು, ಕಲಿಯುವವರೆಗೆ ಅಲ್ಲೇ ಇರಿ. ಈಜುವವರಿರುವ ಕಡೆ ಮಾತ್ರ ಬರಬೇಡಿ, ಕೈ ತಪ್ಪಿದ ಕಯಾಕ್ ಮಕ್ಕಳಿಗೆ ಬಡಿದರೆ ಅನಾಹುತ.

ಅಲ್ಲಿ ಮರಳಿನಲ್ಲಿ ತೊರಕೆ ಮೀನು ಹೆಚ್ಚು. ಹೆಜ್ಜೆ ಎತ್ತಿಡದೆ ಪಾದ ಎಳೆದುಕೊಂಡು ನಡೆಯಿರಿ, ಅದು ಸರಿದುಹೋಗುತ್ತದೆ. ಚುಚ್ಚಿದರೆ ಸಹಿಸಲು ಆಗುವಷ್ಟು, 45 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿನೀರಿನಲ್ಲಿ ಪಾದವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ಮುಳ್ಳು ಒಳಗೆ ಉಳಿದಿದ್ದರೆ ಅಥವಾ ಎದೆ, ಹೊಟ್ಟೆಗೆ ಚುಚ್ಚಿದ್ದರೆ ಕೀಳದೆ ನೇರ ಆಸ್ಪತ್ರೆಗೆ.

ಹೊನ್ನಾವರದ ಅಳಿವೆಯ ಹತ್ತಿರ ಮಗುಚಿದರೆ ಇದೇ ಕ್ರಮ ಸಾಕೇ? (ಓದುಗರು, ಕುಮಟಾ)

ಸಾಲದು. ಇಳಿತದ ಹೊತ್ತಿಗೆ ಶರಾವತಿಯ ನೀರು ಅಳಿವೆಯಿಂದ ಹೊರಗೆ ನುಗ್ಗುತ್ತದೆ, ಎದುರಿನಿಂದ ಬರುವ ತೆರೆ ಅದಕ್ಕೆ ತಾಗಿ ಇನ್ನಷ್ಟು ಕಡಿದಾಗಿ ಏಳುತ್ತದೆ. ಮಗುಚಿದ ಕಯಾಕ್ ಅಲ್ಲಿ ದಡಕ್ಕೆ ಬರುವುದಿಲ್ಲ, ಹೊರಗೆ ಹೋಗುತ್ತದೆ. ಮರಳು ಕಾಲಿಗೆ ಸಿಕ್ಕಿ ನಡೆದು ಬರಲು ಸಾಧ್ಯವಿದ್ದರೆ ದೋಣಿ ಬಿಟ್ಟು ನೀವು ಬನ್ನಿ. ಕಾಲು ನಿಲುಕದಿದ್ದರೆ ಲೆಕ್ಕ ತಿರುಗುಮುರುಗು: ದೋಣಿ ಬಿಡಬೇಡಿ, ಅದೇ ನಿಮ್ಮನ್ನು ತೇಲಿಸುವುದು, ದೂರದಿಂದ ಕಾಣಿಸುವುದೂ ಅದೇ. ಸೀಟಿ ಊದಿ. ದಡದಲ್ಲಿ ಇರುವವರು 112ಕ್ಕೆ, ಕರಾವಳಿ ಕಾವಲು ಪೊಲೀಸರ 1093ಕ್ಕೆ ಅಥವಾ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳಿವೆಯ ಕಡೆ ಕಯಾಕ್ ತಿರುಗಿಸುವುದೇ ಬೇಡ. ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸುತ್ತ ಹೋಗುವವರೂ ಇಳಿತದ ವೇಳೆ ನೋಡಿಕೊಂಡೇ ಹೊರಡಿ.

ನೆಟ್ಟಗೆ ಮಾಡಿದ ಮೇಲೂ ಸಿಟ್-ಆನ್-ಟಾಪ್ ಭಾರವಾಗಿ, ಒಂದೇ ಕಡೆ ವಾಲುತ್ತದೆ. ಮೇಲೆ ನೀರಿಲ್ಲ. (ಓದುಗರು, ಕಾರವಾರ)

ನೀರು ಒಡಲೊಳಗೆ ಇದೆ. ಅಲ್ಲಾಡಿಸಿದರೆ ಸದ್ದು ಕೇಳುತ್ತದೆ. ಒಳಗಿನ ಇಪ್ಪತ್ತು ಲೀಟರ್ ನೀರು ವಾಲಿದ ಕಡೆಗೇ ಓಡುವುದರಿಂದ ಮುಂದಿನ ತೆರೆಗೆ ಮಗುಚುವುದು ಖಂಡಿತ, ಮತ್ತೆ ಹತ್ತಬೇಡಿ. ದಡಕ್ಕೆ ಎಳೆದು, ತುದಿಯ ಬಿರಡೆ ತೆಗೆದು, ಆ ತುದಿಯನ್ನೇ ತಗ್ಗಿಸಿ ಬಸಿಯಿರಿ. ಬಿರಡೆಯ ರಬ್ಬರ್ ಉಂಗುರ ಒಣಗಿ ಸೀಳಿದೆಯೇ, ಸಾಮಾನಿಡುವ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಮರಳು ಕೂತಿದೆಯೇ ನೋಡಿ. ಅವೆರಡೂ ಸರಿಯಿದ್ದರೆ ಆಸನದ ಕೆಳಗೆ ನೀರಿಳಿಯುವ ತೂತುಗಳ ಅಂಚಿನಲ್ಲಿ ಬಿರುಕು ಹುಡುಕಬೇಕು. ಮರಳಿನಲ್ಲಿ ಎಳೆದಾಡಿದ, ತಳ್ಳುಗಾಡಿಯ ಕಂಬಿ ತೂರಿಸಿದ ಕಯಾಕ್‌ಗಳು ಮೊದಲು ಅಲ್ಲೇ ಸೀಳುತ್ತವೆ.

ಮುಚ್ಚಳ ಭದ್ರ ಮಾಡಿ, ಬಿರುಕಿನ ಜಾಗಕ್ಕೆಲ್ಲ ಸೋಪುನೀರು ಹಚ್ಚಿ, ಬಿರಡೆಯ ತೂತಿಗೆ ಬಾಯಿಟ್ಟು ಗಟ್ಟಿಯಾಗಿ ಊದಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಎಂ-ಸೀಲ್, ಎಪಾಕ್ಸಿ ಹಚ್ಚಬೇಡಿ, ಕಯಾಕಿನ ಪಾಲಿಎಥಿಲೀನ್ ಪ್ಲಾಸ್ಟಿಕ್‌ಗೆ ಅವು ಹಿಡಿಯದೆ ಕೆಲವೇ ದಿನಗಳಲ್ಲಿ ಏಳುತ್ತವೆ. ನೀರಿನ ಟ್ಯಾಂಕ್ ಬೆಸೆಯುವವರ ಬಳಿ ಬಿಸಿಗಾಳಿ ಯಂತ್ರ ಇರುತ್ತದೆ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ಬೆಸೆಯಿಸಿ. ಬೆಸೆಯುವ ಮೊದಲು ಸಿಹಿನೀರಿನಲ್ಲಿ ಉಪ್ಪು ತೊಳೆದು ಪೂರ್ತಿ ಒಣಗಿಸಿರಬೇಕು, ಬೆಸುಗೆ ಆರಿದ ಮೇಲೆ ಸೋಪುನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.