ಓದುಗರ ಪ್ರಶ್ನೆ: ‘ಫೈರ್’ ಮಾಡಿದ್ದು ಯಾರನ್ನು, ಯಾವುದನ್ನು?

ಪ್ರಶ್ನೆ: ಅನುವಾದದ ಕೆಲಸ ಮಾಡುತ್ತೇನೆ. ಬಂದೂಕು, ನೌಕರ, ಮಡಕೆ ಎಲ್ಲಕ್ಕೂ ಇಂಗ್ಲಿಷಿನಲ್ಲಿ ‘ಫೈರ್’ ಎನ್ನುತ್ತಾರೆ. ಯಾವಾಗ ಯಾವ ಕನ್ನಡ ಪದ ಹಾಕಬೇಕು?

ಉತ್ತರ: ಮೊದಲು ಕರ್ಮಪದ ಹುಡುಕಿ. ಯಾವುದನ್ನು ಫೈರ್ ಮಾಡಿದರು ಎಂಬುದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಬಂದೂಕಾದರೆ ‘ಗುಂಡು ಹಾರಿಸು’. ಹಳೆಯ ಕೋವಿಗಳಲ್ಲಿ ಮದ್ದಿಗೆ ಉರಿಯುವ ಬತ್ತಿ ತಾಗಿಸಬೇಕಿತ್ತು. ಆ ಬೆಂಕಿ ಪದದಲ್ಲಿ ಉಳಿದುಕೊಂಡಿತು. ಹಾಗಾಗಿ ಸಿನಿಮಾಗಳಲ್ಲಿ ಬಿಲ್ಲುಗಾರರ ದಳಪತಿ ‘ಫೈರ್’ ಎಂದು ಕೂಗುವುದು ಅಸಂಬದ್ಧ. ಅನುವಾದದಲ್ಲಾದರೂ ‘ಬಾಣ ಬಿಡಿ’ ಎಂದು ತಿದ್ದಿಬಿಡಿ.

ನೌಕರನಾದರೆ ‘ಕೆಲಸದಿಂದ ತೆಗೆದುಹಾಕು’ ಅಥವಾ ‘ವಜಾ ಮಾಡು’. ಇದು 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಬಳಕೆಗೆ ಬಂದ ಅರ್ಥ. ‘ಡಿಸ್‌ಚಾರ್ಜ್’ ಪದಕ್ಕೆ ಕೆಲಸದಿಂದ ಬಿಡಿಸು, ಗುಂಡು ಹಾರಿಸು ಎಂಬ ಎರಡೂ ಅರ್ಥಗಳಿವೆ; ಆ ಶ್ಲೇಷೆಯೇ ಇದರ ಮೂಲ ಎಂಬ ವಿವರಣೆ ಒಪ್ಪುವಂತಿದೆ. ಹೆಚ್ಚಿನವರು ಎಡವುವುದು ಪಕ್ಕದ ಪದದಲ್ಲಿ. ‘ಫೈರ್’ ಆದವನ ಕಡೆ ಸಾಮಾನ್ಯವಾಗಿ ಏನೋ ತಪ್ಪಿರುತ್ತದೆ. ಕಂಪನಿಯೇ ಕೆಲಸ ಕಡಿಮೆಯೆಂದು ಕಳಿಸಿದರೆ ಅಮೆರಿಕದವರಿಗೆ ಅದು ‘ಲೇಆಫ್’. ಅದನ್ನು ‘ವಜಾ’ ಎಂದು ಬರೆದರೆ ಏನೂ ತಪ್ಪು ಮಾಡದವನಿಗೆ ಕಳಂಕ ಹಚ್ಚಿದಂತೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ನಮ್ಮ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಂತೂ ‘ಲೇಆಫ್’ ಬೇರೆಯೇ ಆಗಿತ್ತು: ಕಲ್ಲಿದ್ದಲು, ವಿದ್ಯುತ್, ಕಚ್ಚಾವಸ್ತುಗಳ ಕೊರತೆಯಂಥ ಕಾರಣಕ್ಕೆ ಕೆಲಸ ಕೊಡಲಾಗದ ಸ್ಥಿತಿ. ಕಾರ್ಮಿಕನ ಹೆಸರು ಹಾಜರಿ ಪಟ್ಟಿಯಲ್ಲೇ ಇರುತ್ತಿತ್ತು. ಶಿಕ್ಷೆಯಾಗಿ ಅಲ್ಲದೆ ಶಾಶ್ವತವಾಗಿ ತೆಗೆಯುವುದಕ್ಕೆ ಅಲ್ಲಿದ್ದ ಪದ ‘ರಿಟ್ರೆಂಚ್‌ಮೆಂಟ್’.

ಮಡಕೆಯಾದರೆ ‘ಸುಡು’. ಕುಂಬಾರರು ಆವಗೆಯಲ್ಲಿ ಮಾಡುವುದೂ ಅದನ್ನೇ. ‘ಬಿಸ್ಕ್ ಫೈರಿಂಗ್’ ಎಂದರೆ ಒಣಗಿಸಿದ ಮಣ್ಣಿನ ಪಾತ್ರೆಯ ಮೊದಲ ಸುಡುವಿಕೆ. ‘ಗ್ಲೇಜ್ ಫೈರಿಂಗ್’ ಎಂದರೆ ಗಾಜಿನಂಥ ಲೇಪ ಹಚ್ಚಿದ ಮೇಲೆ ಇನ್ನೊಮ್ಮೆ ಸುಡುವುದು. ‘ಫೈರ್ ಸ್ಲೋಲಿ’ ಎಂದಿದ್ದರೆ ‘ಉರಿಯನ್ನು ನಿಧಾನವಾಗಿ ಏರಿಸಿ’ ಎಂದು ಬಿಡಿಸಿ ಬರೆಯಿರಿ. ತೇವ ಉಳಿದ ಮಡಕೆಗೆ ಒಮ್ಮೆಲೇ ಉರಿ ಕೊಟ್ಟರೆ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಳಗಿನ ನೀರು ಆವಿಯಾಗಿ ಮಡಕೆ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ (ಬೆಣಚುಕಲ್ಲಿನ ಖನಿಜ) ತಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಅಲ್ಲಿ ಅವಸರ ಮಾಡಿದರೆ ಬಿರುಕು ಖಚಿತ.

ಪ್ರಶ್ನೆ: ಕಾರಿನ ಕೈಪಿಡಿಯೊಂದರ ಅನುವಾದದಲ್ಲಿ ‘ಫೈರಿಂಗ್ ಆರ್ಡರ್’ ಎಂಬುದನ್ನು ‘ಗುಂಡು ಹಾರಿಸುವ ಆದೇಶ’ ಎಂದಿದ್ದಾರೆ. ಸರಿಯೇ?

ಉತ್ತರ: ಎರಡೂ ಪದ ತಪ್ಪು! ಇಲ್ಲಿ ಆರ್ಡರ್ ಎಂದರೆ ಸರದಿ. ನಾಲ್ಕು ಸಿಲಿಂಡರ್‌ಗಳ ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ದಂಡ) ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿನ ಇಂಧನ ಒಮ್ಮೆ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಸರದಿ 1-3-4-2. ‘ಹೊತ್ತಿಕೊಳ್ಳುವ ಸರದಿ’ ಎಂದರೆ ಸಾಕು. ಪ್ಲಗ್ ವೈರುಗಳನ್ನು ಅದಲುಬದಲು ಹಾಕಿದರೆ ಗಾಡಿ ‘ಮಿಸ್ಸಿಂಗ್’ ಹೊಡೆಯುತ್ತದೆ. ವಾಲ್ವ್ ತೆರೆದಿರುವಾಗ ಕಿಡಿ ಹಾರಿದರೆ ‘ಢಂ’ ಎನ್ನುವ ಬ್ಯಾಕ್‌ಫೈರ್ ಕೂಡ ಆಗಬಹುದು.

ಪ್ರಶ್ನೆ: ‘ಫಿರಂಗಿ’ ಕೂಡ ‘ಫೈರ್’ನಿಂದ ಬಂದದ್ದೇ?

ಉತ್ತರ: ಅಲ್ಲ. ಯುರೋಪಿನ ‘ಫ್ರಾಂಕ್’ ಜನರ ಹೆಸರು ಪಾರ್ಸಿಯಲ್ಲಿ ‘ಫರಂಗಿ’ ಆಗಿ ನಮ್ಮಲ್ಲಿಗೆ ಬಂತು. ಪರಂಗಿಯವರು ತಂದ ತೋಪು ಫಿರಂಗಿಯಾಯಿತು. ಪರಂಗಿ ಹಣ್ಣಿನದೂ ಅದೇ ಬಳಗ.