ಕಣ್ಣು ಚೆನ್ನಾಗಿದೆ ಅಂತಾರೆ, ಉರಿ ಮಾತ್ರ ನಿಲ್ಲದು

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 46 ವರ್ಷ, ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚಾಣಿಕೆ ಕೆಲಸ. 2021ರಲ್ಲಿ ಎರಡನೇ ಅಲೆಯಲ್ಲಿ ಕೊರೊನಾ ಬಂತು, ಮನೆಯಲ್ಲೇ ವಾಸಿಯಾಯಿತು. ಆಮೇಲಿಂದ ಸುಸ್ತು ಬಿಟ್ಟಿಲ್ಲ. ಅಂಗಾಲು ಜುಮ್ಮೆನ್ನುತ್ತೆ. ಕಣ್ಣಲ್ಲಿ ಮೆಣಸಿನಕಾಯಿ ಘಾಟು ಹೊಡೆದ ಹಾಗೆ ಉರಿ, ಫ್ಯಾನ್ ಗಾಳಿ ತಡೆಯೋಕಾಗಲ್ಲ. ತೋರಿಸಿದ ಕಡೆಯೆಲ್ಲ ಕಣ್ಣು ಚೆನ್ನಾಗಿದೆ ಅಂದರು. ಮನೆಯವರು ಇದು ಮನಸ್ಸಿಗೆ ಹಚ್ಚಿಕೊಂಡಿದ್ದು ಅಂತಾರೆ. ಕೊರೊನಾ ಬಂದವರಿಗೆ ಕಣ್ಣಿನ ನರ ಸಾಯುತ್ತೆ ಅಂತ ಮಗ ಮೊಬೈಲಲ್ಲಿ ಓದಿದ. ದೃಷ್ಟಿ ಹೋಗುತ್ತಾ? ಬೆಂಗಳೂರಿಗೆ ಹೋಗಿ ನರದ ಫೋಟೊ ತೆಗೆಸಬೇಕಾ? ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಹಾಕು ಅಂತಿದ್ದಾರೆ. ಕೆಲಸ ಬಿಡಬೇಕಾ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಮೊದಲು ಆ ರಸದ ವಿಚಾರ. ಹಾಕಬೇಡಿ ತಾಯಿ. ಹೂವಿನದೋ ಎಲೆಯದೋ, ಹಿಂಡಿದ ರಸದ ಜೊತೆ ಕ್ರಿಮಿಯೂ ಕಣ್ಣಿಗಿಳಿಯುತ್ತದೆ. ಹಾಗೆ ಹುಣ್ಣಾಗಿ ಬಿಳಿ ಕಲೆ ಉಳಿಸಿಕೊಂಡ ಕಣ್ಣುಗಳನ್ನು ಚಿಂತಾಮಣಿಯ ನನ್ನ ಕ್ಲಿನಿಕ್ಕಿನಲ್ಲಿ ನೋಡಿದ್ದೇನೆ.

ಮಗ ಓದಿದ್ದು ನೋಟವನ್ನು ಮಿದುಳಿಗೆ ಒಯ್ಯುವ ನರದ ಸುದ್ದಿ ಅಲ್ಲ. ಆ ನರ ಇರುವುದು ಕಣ್ಣಿನ ಹಿಂದೆ. ಸುದ್ದಿ ಇರುವುದು ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಅಂದರೆ ಕಾರ್ನಿಯಾದೊಳಗೆ ಹರಡಿಕೊಂಡಿರುವ ಸಣ್ಣ ನರಗಳದ್ದು. ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಈ ಪದರಕ್ಕೆ ರಕ್ತನಾಳವೇ ಇಲ್ಲ, ನರದ ತುದಿಗಳು ಮಾತ್ರ ಚರ್ಮಕ್ಕಿಂತ ನೂರಾರು ಪಟ್ಟು ದಟ್ಟ. ಧೂಳು ಬಿದ್ದರೆ ರೆಪ್ಪೆ ಮುಚ್ಚಿಸುವುದು, ನೀರು ತರಿಸುವುದು ಅವುಗಳ ಕೆಲಸ. ನೋಟಕ್ಕೂ ಅವಕ್ಕೂ ನೇರ ಸಂಬಂಧವಿಲ್ಲ.

2021ರಲ್ಲಿ ಟರ್ಕಿಯ ವೈದ್ಯರು ಕೊರೊನಾದಿಂದ ಚೇತರಿಸಿಕೊಂಡ 40 ಮಂದಿಯ ಮತ್ತು 30 ಆರೋಗ್ಯವಂತರ ಕಾರ್ನಿಯಾವನ್ನು ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ, ಅಂದರೆ ಈ ನರದ ಎಳೆಗಳನ್ನು ದೊಡ್ಡದು ಮಾಡಿ ಫೋಟೊ ತೆಗೆಯುವ ಯಂತ್ರದಲ್ಲಿ, ನೋಡಿದರು. ತಲೆನೋವು, ಜೋಮು, ವಾಸನೆ ಹೋಗುವುದು, ಇಂಥ ತೊಂದರೆ ನಾಲ್ಕು ವಾರ ಕಳೆದರೂ ಉಳಿದವರಲ್ಲಿ ನರದ ಎಳೆಗಳು ಕಡಿಮೆಯಿದ್ದವು, ರೋಗನಿರೋಧಕ ವ್ಯವಸ್ಥೆಯ ಡೆಂಡ್ರಿಟಿಕ್ ಕೋಶಗಳು ಹೆಚ್ಚಿದ್ದವು. ಅಧ್ಯಯನ ಚಿಕ್ಕದು. ಕೊರೊನಾಕ್ಕೆ ಮುಂಚಿನ ಚಿತ್ರ ಯಾರದ್ದೂ ಇರಲಿಲ್ಲ. ಸಕ್ಕರೆ ಕಾಯಿಲೆಯಲ್ಲೂ ಎಳೆಗಳು ಹೀಗೇ ಕಡಿಮೆಯಾಗುತ್ತವೆ. ಆದ್ದರಿಂದ ನೀವು ಒಂದು ದಿನದ ಕೂಲಿ ಬಿಟ್ಟು ಫೋಟೊ ತೆಗೆಸಿದರೂ ಕಾರಣ ಇಂಥದ್ದೇ ಎಂದು ಅದು ಹೇಳಲಾರದು, ಔಷಧಿಯೂ ಬದಲಾಗದು. ಸದ್ಯಕ್ಕೆ ಬೇಡ.

ಆದರೆ ಮನೆಯವರಿಗೆ ಈ ಸಾಲು ಓದಿ ಹೇಳಿ: ಗದ್ದ ಇಡಿಸಿ ಬೆಳಕು ಬಿಟ್ಟು ಕಣ್ಣು ನೋಡುವ ನಮ್ಮ ಮಾಮೂಲಿ ಯಂತ್ರ ಸ್ಲಿಟ್ ಲ್ಯಾಂಪಿನಲ್ಲಿ ಆ ಎಳೆಗಳು ಕಾಣುವುದಿಲ್ಲ. ಚೆನ್ನಾಗಿದೆ ಎಂದ ಡಾಕ್ಟರು ಕಂಡದ್ದನ್ನು ಹೇಳಿದರು, ನೀವು ಅನುಭವಿಸಿದ್ದನ್ನು ಹೇಳುತ್ತಿದ್ದೀರಿ, ಎರಡೂ ನಿಜ. 2006ರಲ್ಲಿ ಚಿಕೂನ್‌ಗುನ್ಯ ಬಂದಾಗ ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಜನ ಗೋಡೆ ಹಿಡಿದು ನಡೆದರು. ಅದನ್ನು ಯಾರೂ ಮನಸ್ಸಿನ ಕಾಯಿಲೆ ಅನ್ನಲಿಲ್ಲ, ಕುಂಟುವುದು ಕಣ್ಣಿಗೆ ಬೀಳುತ್ತಿತ್ತಲ್ಲ!

ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಮೂರು ಪರೀಕ್ಷೆ ಕೇಳಿ, ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಕಣ್ಣೀರು ಅಳೆಯಲು ಕೆಳರೆಪ್ಪೆಗೆ ಐದು ನಿಮಿಷ ಕಾಗದದ ಪಟ್ಟಿ ಇಡುತ್ತಾರೆ. ಹತ್ತಿಯ ಎಳೆಯಿಂದ ಕಾರ್ನಿಯಾ ಮುಟ್ಟಿ ಸ್ಪರ್ಶ ತಿಳಿಯುತ್ತದೋ ನೋಡುತ್ತಾರೆ. ಮೂರನೆಯದು ನನಗೆ ಬಹಳ ಉಪಯೋಗಕ್ಕೆ ಬಂದದ್ದು, ಮರಗಟ್ಟಿಸುವ ಒಂದು ಹನಿ. ಹನಿ ಹಾಕಿದ ಮೇಲೆ ಉರಿ ಪೂರಾ ನಿಂತರೆ ತೊಂದರೆ ಕಣ್ಣಿನ ಮೇಲ್ಮೈಯಲ್ಲಿದೆ. ನಿಲ್ಲದಿದ್ದರೆ ನೋವು ಒಳಗಿನ ನರದ ದಾರಿಯಲ್ಲಿ ಕೂತಿದೆ, ಎಷ್ಟು ಡ್ರಾಪ್ಸ್ ಹಾಕಿದರೂ ಪ್ರಯೋಜನ ಕಡಿಮೆ. ಆಗ ನರದ ನೋವಿನ ಮಾತ್ರೆ ಬೇಕಾಗಬಹುದು. ಅವುಗಳಲ್ಲಿ ಅಮಿಟ್ರಿಪ್ಟಿಲಿನ್ ಕಣ್ಣನ್ನು ಒಣಗಿಸುತ್ತದೆ, ಕಣ್ಣು ಒಣಗುತ್ತಿದೆ ಎಂದು ಮೊದಲೇ ಹೇಳಿ. ಮರಗಟ್ಟಿಸುವ ಹನಿಯನ್ನು ಮಾತ್ರ ಮನೆಗೆ ತರಬೇಡಿ, ಪದೇ ಪದೇ ಹಾಕಿದರೆ ಕಾರ್ನಿಯಾ ಕರಗುತ್ತದೆ.

ಅಂಗಾಲಿನ ಜೋಮನ್ನು ನಾನು ಕೊರೊನಾದ ಲೆಕ್ಕಕ್ಕೆ ಬರೆದು ಸುಮ್ಮನಾಗಲಾರೆ. ಸಕ್ಕರೆ, ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ನಿಮ್ಮ ವಯಸ್ಸಿನಲ್ಲಿ ಈ ಮೂರರಲ್ಲೊಂದು ಸಿಕ್ಕರೆ ಅದೃಷ್ಟ ಅನ್ನಿ, ಔಷಧಿ ಇರುವ ಕಾಯಿಲೆಗಳು ಅವು. ಅಲ್ಲಿಯವರೆಗೆ ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು ದಿನಕ್ಕೆ ನಾಲ್ಕು ಸಲ ಹಾಕಿಕೊಳ್ಳಬಹುದು. ಅಂಗಡಿಯವರು ಉರಿಗೆ ಅಂತ ಕೊಡುವ ಸ್ಟೆರಾಯ್ಡ್ ಡ್ರಾಪ್ಸ್ ಬೇಡ. ಕಣ್ಣು ಕೆಂಪಾಗಿ ಮಂಜಾದರೆ, ಬಿಳಿ ಚುಕ್ಕೆ ಕಂಡರೆ, ಬೆಳಕು ನೋಡಲಾಗದಿದ್ದರೆ ಅದೇ ದಿನ ತೋರಿಸಿ. ಉರಿ ತಾನಾಗಿ ನಿಂತು ಕಣ್ಣು ಮರಗಟ್ಟಿದಂತಾದರೂ ತೋರಿಸಿ, ಅದು ವಾಸಿಯಾಗಿದ್ದಲ್ಲದಿರಬಹುದು: ಸ್ಪರ್ಶ ಕಳೆದುಕೊಂಡ ಕಾರ್ನಿಯಾಕ್ಕೆ ಗಾಯವಾದರೆ ತಿಳಿಯುವುದೇ ಇಲ್ಲ.

ಕೆಲಸ ಬಿಡಬೇಕಿಲ್ಲ. ಗೂಡು ಬೇಯುವ ಬಿಸಿನೀರಿನ ಹಬೆ, ಮೇಲೆ ಫ್ಯಾನು, ಸಣ್ಣ ಎಳೆ ತಪ್ಪದಂತೆ ರೆಪ್ಪೆ ಬಡಿಯದೆ ನೋಡುವುದು, ಮೂರೂ ಕಣ್ಣಿನ ಉರಿ ಹೆಚ್ಚಿಸಬಲ್ಲವು. ಸ್ವಲ್ಪ ದಿನ ಹಬೆಯಿಂದ ದೂರ, ಲಡಿ ಕಟ್ಟುವ ಕಡೆ ಕೂರಿಸಲು ಮಾಲೀಕರನ್ನು ಕೇಳಿ. ಆಗದು ಅಂದರೆ ಪಕ್ಕ ಮುಚ್ಚುವ ಬಿಳಿ ಗಾಜಿನ ಕನ್ನಡಕ ಹಾಕಿಕೊಳ್ಳಿ, ಫ್ಯಾನನ್ನು ಮುಖದಿಂದ ಆಚೆ ತಿರುಗಿಸಿ.